ನೂರು ಪರ್ಸೆಂಟ್ ಬ್ಯಾಟರಿ

— ಕರೆಂಟ್ ಹೋದಾಗ ಬೇಕಾಗುತ್ತೆ ಅಂತ ತಾನೇ ಹಾಕ್ಸಿದ್ದು? ಈಗ ಹೋಗಿದೆಯಲ್ಲ!

— ಹೋಗಿದೆ. ಆದ್ರೆ ಇದು ಸಣ್ಣದಾಗಿ ಹೋಗಿರೋದು ಕಣೇ. ದೊಡ್ಡದಾಗಿ ಹೋದಾಗ ಏನ್ ಮಾಡ್ತೀಯ?

ಗುಬ್ಬಿಯ ನಿವೃತ್ತ ಗಣಿತದ ಮೇಷ್ಟರು ವೆಂಕಟರಂಗಯ್ಯ ತಾರಸಿಯ ಮೇಲೆ ಸೋಲಾರ್, ಮೆಟ್ಟಿಲ ಕೆಳಗೆ ಬ್ಯಾಟರಿ ಹಾಕಿಸಿ ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಕರೆಂಟ್ ಹೋದದ್ದು ಎಷ್ಟೋ ಸಲ. ಅಷ್ಟು ಸಲವೂ ಗಂಡ ಹೆಂಡತಿ ಮೇಣದಬತ್ತಿ ಹಚ್ಚಿಕೊಂಡೇ ಉಂಡಿದ್ದರು. ಆಯುಧಪೂಜೆಯಲ್ಲಿ ಬ್ಯಾಟರಿಗೆ ಇಟ್ಟ ಕುಂಕುಮವೂ ಅಳಿಸಿರಲಿಲ್ಲ, ನೂರು ಪರ್ಸೆಂಟೂ ಇಳಿದಿರಲಿಲ್ಲ.

ಹೆಂಡತಿ ಮಹಾಲಕ್ಷ್ಮಮ್ಮನ ಕಷ್ಟ ಬೇರೆ. ಕುಣಿಗಲ್‌ನ ಹೊಸ ಬೀಗರು ಮೊದಲ ಸಲ ನಾಳೆ ಬೆಳಿಗ್ಗೆ ತಿಂಡಿಗೆ ಬರುವವರಿದ್ದರು. ಅಕ್ಕಿ, ಉದ್ದು ನೆಂದು ಕೂತಿದ್ದವು. ಈಗ ರುಬ್ಬದಿದ್ದರೆ ಹಿಟ್ಟು ಉಬ್ಬುವುದಿಲ್ಲ, ಬೀಗರ ಮುಂದೆ ಕಲ್ಲಿನಂಥ ಇಡ್ಲಿ ಇಟ್ಟರೆ ಮರ್ಯಾದೆ ಹೋಗುವುದು ಅವಳದು.

— ಮೇಲೆ ಬಿಸ್ಲು ಸುಡ್ತಿದೆ. ಖರ್ಚಾದಷ್ಟು ಮತ್ತೆ ತುಂಬ್ಕೊಳಲ್ವಾ?

— ಮೋಡ ಬಂದ್ರೆ?

ಮಹಾಲಕ್ಷ್ಮಮ್ಮ ಕಿಟಕಿಯಿಂದ ಆಕಾಶ ನೋಡಿದಳು. ಹುಡುಕಿದರೂ ಒಂದು ತುಣುಕು ಮೋಡ ಇರಲಿಲ್ಲ.

— ಹೋಗ್ಲಿ, ಯಾರ್ಗೋಸ್ಕರ ಇಟ್ಟಿದೀರಾ ಇದನ್ನ?

— ಅಕ್ಕಪಕ್ಕದವ್ರು ಬಂದು ಕೇಳಿದಾಗ ಬ್ಯಾಟ್ರಿ ಖಾಲಿ ಅನ್ನೋಕಾಗುತ್ತಾ? ಮನೇವ್ರು ಹೇಗೋ ಅಡ್ಜಸ್ಟ್ ಮಾಡ್ಕೋಬಹುದು.

ಮೇಷ್ಟರ ಮನಸ್ಸಿನಲ್ಲಿದ್ದದ್ದೂ ಅದೇ. ಬೀದಿಯವರು ಯಾರಾದರೂ ಬಂದು ತಮ್ಮ ಸೋಲಾರ್ ಕೇಳಬೇಕು, ತಾವು ಧಾರಾಳವಾಗಿ ಕೊಡಬೇಕು. ನಾಲ್ಕು ತಿಂಗಳಲ್ಲಿ ಒಬ್ಬರೂ ಕೇಳಿರಲಿಲ್ಲ. ಅವರಿಗೆ ಅದು ನಿಜಕ್ಕೂ ನೋವಾಗಿತ್ತು.

ಹೆಂಡತಿ ಎರಡು ಪಾತ್ರೆ ಎತ್ತಿಕೊಂಡು ಹಿತ್ತಲ ಬಾಗಿಲಿಂದ ಹೊರಟುಹೋದಳು. ಮೇಷ್ಟರು ಗೆದ್ದೆನೆಂದುಕೊಂಡು ಬೀಸಣಿಗೆ ತೆಗೆದುಕೊಂಡರು.

ಹತ್ತು ನಿಮಿಷಕ್ಕೆ ಮುಂಬಾಗಿಲಲ್ಲಿ ಪಕ್ಕದ ಮನೆಯ ಕಲ್ಲಮ್ಮ ಬಂದು ನಿಂತಳು. ಸೊಂಟದ ಮೇಲೊಂದು, ಕೈಯಲ್ಲೊಂದು ಪಾತ್ರೆ.

— ಮೇಷ್ಟ್ರೇ, ನೆನೆಹಾಕಿದ್ದು ಹಂಗೇ ಐತೆ, ಕರೆಂಟಿಲ್ಲ. ನಿಮ್ಮ ಸೋಲಾರ್‌ನಾಗೆ ಒಂಚೂರು ರುಬ್ಕೊಂಡು ಹೋಗ್ಲಾ?

ಮೇಷ್ಟರು ಬೀಸಣಿಗೆ ಕೆಳಗಿಟ್ಟು ಎದ್ದೇಬಿಟ್ಟರು.

— ಕೇಳೋದೇನಮ್ಮ? ಬ್ಯಾಟ್ರಿ ಇನ್ಯಾತಕ್ಕಿದೆ? ಎಷ್ಟು ಬೇಕೋ ಅಷ್ಟು ರುಬ್ಕೋ.

ತಾವೇ ಸ್ವಿಚ್ ಹಾಕಿದರು. ಗ್ರೈಂಡರ್ ತಿರುಗಿತು. ತೊಂಬತ್ತೊಂಬತ್ತು ಆಯಿತು, ತೊಂಬತ್ತೆಂಟು ಆಯಿತು. ಮೇಷ್ಟರ ಮುಖದಲ್ಲಿ ನಗು ಇಳಿಯಲಿಲ್ಲ. ಉದ್ದು ನುಣ್ಣಗಾಗಿ, ಕಲ್ಲಮ್ಮ ಅಕ್ಕಿ ಹಾಕಲು ಎರಡನೆಯ ಪಾತ್ರೆ ಬಗ್ಗಿಸಿದಾಗ ಅದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದ ಹೆಸರು ಕಣ್ಣಿಗೆ ಬಿತ್ತು: ವೆಂಕಟರಂಗಯ್ಯ, ಗುಬ್ಬಿ.

ತಲೆ ಎತ್ತಿದರೆ ಹಿತ್ತಲ ಬಾಗಿಲಲ್ಲಿ ಮಹಾಲಕ್ಷ್ಮಮ್ಮ.

— ಯಾಕ್ರೀ, ಆಫ್ ಮಾಡಿಸ್ಲಾ? ಮೋಡ ಬಂದ್ರೆ?

ಕೊಟ್ಟ ಮಾತನ್ನು ಪಕ್ಕದ ಮನೆಯವಳೆದುರು ಹಿಂದಕ್ಕೆ ತೆಗೆದುಕೊಳ್ಳುವುದು ಮೇಷ್ಟರಿಂದಾಗದ ಕೆಲಸ. ಪಾತ್ರೆಯನ್ನು ಇನ್ನೊಮ್ಮೆ ನೋಡಿದರು, ಗಂಟಲು ಸರಿಮಾಡಿಕೊಂಡರು.

— ಕಲ್ಲಮ್ಮ, ಬೆಳಿಗ್ಗೆ ನಿಮ್ಮನೇಲಿ ಇಡ್ಲಿ ಆದ್ಮೇಲೆ ನಮ್ಗೂ ಒಂದಿಪ್ಪತ್ತು ಕಳ್ಸಮ್ಮ. ಬೀಗರು ಬರ್ತಾರೆ.