ಲಿಫ್ಟಪ್ಪನ ಒಂಟಿವಾಸದ ಪರೀಕ್ಷೆ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಅಂಗಿಯ ಗುಂಡಿ. ಕಿತ್ತುಬಂದ ಆ ಗುಂಡಿ ಉರುಳುತ್ತ ಮಂಚದ ಕೆಳಗೆ ಹೋಯಿತು. ಲಿಫ್ಟಪ್ಪ ಅದರ ಹಿಂದೆ ತಾನೂ ಮಂಚದಡಿ ತೂರಿದ. ಗುಂಡಿ ಹುಡುಕಿ, ಹೊರಗೆ ಬಂದು, ಹೊಲಿದುಕೊಂಡಿದ್ದರೆ ಈ ಕತೆಗೆ ಜಾಗವೇ ಇರುತ್ತಿರಲಿಲ್ಲ. ಆದರೆ ಅದೇ ಹೊತ್ತಿಗೆ ಎದುರುಮನೆ ಅಕ್ಕ ಜರಡಿ ಕೇಳಲು ಬಂದು ಕಿಟಕಿಯಲ್ಲಿ ಇಣುಕಿದಳು. ಅವಳಿಗೆ ಕಂಡದ್ದು ಮಂಚದ ಕೆಳಗಿನಿಂದ ಚಾಚಿಕೊಂಡಿದ್ದ ಎರಡು ಪಾದಗಳು ಮಾತ್ರ.

"ಅಯ್ಯಯ್ಯೋ, ಹೋಗ್ಬಿಟ್ರು! ಯಾರಾದ್ರೂ ಬನ್ರೋ, ಹೋಗೇಬಿಟ್ರು!"

ಮಂಚದಡಿಯಿದ್ದ ಲಿಫ್ಟಪ್ಪನಿಗೂ ಅದು ಕೇಳಿಸಿತು. ಪಾಪ, ಯಾರು ಹೋದರೋ ಏನೋ ಎಂದು ನೋಡಲು ಗಡಬಡಿಸಿ ತಲೆಯೆತ್ತಿದ. ಮಂಚದ ಹಲಗೆ ಹಣೆಗೆ ಬಡಿದು ಅಲ್ಲಿ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತು. ಸುದ್ದಿ ಕೇಳಿ ತನ್ನ ಮನೆಯಿಂದ ಓಡೋಡಿ ಬಂದ ಮಗಳು ಆ ಬುಗುಟು ನೋಡಿದಳೇ ಹೊರತು ಗುಂಡಿಯ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಬಿದ್ದಿದ್ದೀಯ, ಮುಚ್ಚಿಡ್ತಾ ಇದ್ದೀಯ. ಸಾಕಪ್ಪ ಈ ಒಂಟಿವಾಸ. ನಡಿ ನಮ್ಮನೆಗೆ."

ಲಿಫ್ಟಪ್ಪನಿಗೆ ಇದಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದಿರಲಿಲ್ಲ. ಅವನು ದುಡಿದದ್ದೆಲ್ಲ ಒಂದು ದೊಡ್ಡ ಬಟ್ಟೆ ಅಂಗಡಿಯ ಲಿಫ್ಟಿನೊಳಗೆ. ಬೀರುವಿನಷ್ಟು ಜಾಗ, ಅದರಲ್ಲಿ ಒಂದು ಸ್ಟೂಲು, ಆ ಸ್ಟೂಲಿನ ಸುತ್ತ ದಿನವಿಡೀ ಜನ. ಒಬ್ಬರ ಕೊಡೆ ಅವನ ಪಕ್ಕೆಗೆ ತಿವಿಯುತ್ತಿತ್ತು, ಇನ್ನೊಬ್ಬರ ಕೂಸು ಅವನ ಕಿವಿಯನ್ನೇ ಹುಡುಕಿಕೊಂಡು ಅಳುತ್ತಿತ್ತು, ಸೀನುವವರೆಲ್ಲ ಅವನ ಕತ್ತಿಗೇ ಸೀನುತ್ತಿದ್ದರು. ಮನುಷ್ಯರ ಸಹವಾಸ ಅವನಿಗೆ ಕುತ್ತಿಗೆಯವರೆಗೆ ಬಂದಿತ್ತು. ಈಗ ಮೊದಲ ಮಹಡಿಯಲ್ಲಿ ಎರಡೇ ಕೋಣೆ. ಬನಿಯನ್ನಿನಲ್ಲಿ ಕೂರಬಹುದು, ಪಾತ್ರೆಯಿಂದಲೇ ಉಣ್ಣಬಹುದು, ಯಾರನ್ನೂ "ಯಾವ ಮಹಡಿ?" ಎಂದು ಕೇಳಬೇಕಾಗಿಲ್ಲ. ಇದೇ ತನ್ನ ಸ್ವರ್ಗ ಎಂದು ಅವನು ನಂಬಿದ್ದ, ಅದರಲ್ಲಿ ತಪ್ಪೇನೂ ಇಲ್ಲ ಬಿಡಿ.

ಮಗಳ ಮನೆಯೋ ತುಂಬಿದ ಸಂಸಾರ. ಮಕ್ಕಳು, ಅತ್ತೆ, ಓರಗಿತ್ತಿ, ಜತೆಗೆ ಬ್ಯಾಂಡಿನಲ್ಲಿ ತುತ್ತೂರಿ ಊದುವ ಒಬ್ಬ ಮೈದುನ. ಅವನ ಅಭ್ಯಾಸ ನಡುಮನೆಯಲ್ಲಿ. ಲಿಫ್ಟಪ್ಪನಿಗೆ ಹಾಸಿಗೆ ಗೊತ್ತುಮಾಡಿದ್ದೂ ನಡುಮನೆಯಲ್ಲೇ.

ಅಪ್ಪ ಮಗಳು ಜಗಳವಾಡಿ ಆಡಿ ಕೊನೆಗೊಂದು ರಾಜಿಗೆ ಬಂದರು. ಬಡಾವಣೆಯ ಆರೋಗ್ಯ ಕೇಂದ್ರದವರು ವಯಸ್ಸಾದವರ ಮನೆಗೇ ನರ್ಸನ್ನು ಕಳಿಸುತ್ತಿದ್ದರು. ಆಕೆ ಕೂರಿಸಿ, ನಿಲ್ಲಿಸಿ, ನಡೆಸಿ ನೋಡಿ, ಇವರು ತಮ್ಮ ಮನೆಯಲ್ಲಿ ತಾವೇ ಇರಬಲ್ಲರೇ ಇಲ್ಲವೇ ಎಂದು ಹೇಳುತ್ತಿದ್ದಳು.

"ನರ್ಸಮ್ಮ ಇರಬಹುದು ಅಂದ್ರೆ ನಾನು ತುಟಿಪಿಟಕ್ಕೆನ್ನಲ್ಲ. ಆಗಲ್ಲ ಅಂದ್ರೆ ಅವತ್ತೇ ಗಂಟುಮೂಟೆ ಕಟ್ಟಬೇಕು" ಎಂದಳು ಮಗಳು.

"ಆಗ್ಲಿ" ಎಂದ ಲಿಫ್ಟಪ್ಪ. ಅವನು ನಿಜಕ್ಕೂ ಗಟ್ಟಿಮುಟ್ಟಾಗಿಯೇ ಇದ್ದ. ಸುಮ್ಮನೆ ಬಿಟ್ಟಿದ್ದರೆ ನಗುನಗುತ್ತಾ ಪಾಸಾಗುತ್ತಿದ್ದ. ಆದರೆ ನೆರೆಹೊರೆಯವರು ಸುಮ್ಮನೆ ಬಿಡಬೇಕಲ್ಲ!

ಪರೀಕ್ಷೆಯ ದಿನ ಬೆಳಕು ಹರಿಯುತ್ತಿದ್ದಂತೆ ಬಾಗಿಲು ಬಡಿದವರು ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು. ನಿವೃತ್ತರಾಗಿ ವರ್ಷಗಳೇ ಆಗಿದ್ದರೂ ಕೊರಳಲ್ಲಿ ಸೀಟಿ ಹಾಗೇ ನೇತಾಡುತ್ತಿತ್ತು.

"ಲಿಫ್ಟಪ್ಪ, ಒಂಟಿ ಕಾಲಲ್ಲಿ ನಿಲ್ಲಿಸ್ತಾರೆ! ನಮ್ಮ ಭಾವನ್ನೂ ಹಂಗೇ ನಿಲ್ಲಿಸಿದ್ರು. ತಯಾರಿ ಆಗಿದೆಯೇನ್ರಿ?"

"ನಿಂತ್ಕೋತೀನಿ ಬಿಡಿ ಮೇಷ್ಟ್ರೇ. ಹುಟ್ಟಿದಾಗಿನಿಂದ ಇವೇ ಕಾಲು."

"ಅದೇ ತಪ್ಪು ನೋಡಿ! ಏಳಿ, ಬಸ್ಕಿ ಶುರು!"

ಸೀಟಿ ಪೀಂ ಎಂದಿತು. ಬಸ್ಕಿ ಆಯಿತು, ಕುಪ್ಪಳಿಸಿದ್ದಾಯಿತು, ನಿಂತಲ್ಲೇ ಓಡಿದ್ದಾಯಿತು. ಲಿಫ್ಟಪ್ಪ "ಸಾಕು" ಎಂದಾಗಲೆಲ್ಲ ಸೀಟಿ ಇನ್ನಷ್ಟು ಜೋರಾಗುತ್ತಿತ್ತು. ಮೇಷ್ಟ್ರು ತೃಪ್ತರಾಗಿ ನಿಲ್ಲಿಸುವ ಹೊತ್ತಿಗೆ ಅವನ ಎರಡು ತೊಡೆಗಳೂ ಮರದ ಕೊರಡಾಗಿದ್ದವು.

ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ನೋಡುತ್ತಾನೆ, ಅದು ಅವನ ಅಡುಗೆಮನೆಯೇ ಅಲ್ಲ! ಎದುರುಮನೆ ಅಕ್ಕ ಸೆರಗು ಸಿಕ್ಕಿಸಿ ನಿಂತಿದ್ದಳು. ಇವನು ಬಸ್ಕಿ ಹೊಡೆಯುವಷ್ಟರಲ್ಲಿ ಅವಳು ಡಬ್ಬಗಳನ್ನೆಲ್ಲ ತೊಳೆದು, ಒರೆಸಿ, ಜಾಗ ಬದಲಿಸಿ, ಎಲ್ಲವನ್ನೂ ತನ್ನ ಮನೆಯಿಂದ ತಂದ ಒಂದೇ ಥರದ ಸ್ಟೀಲ್ ಡಬ್ಬಗಳಿಗೆ ತುಂಬಿದ್ದಳು.

"ಅಕ್ಕಾ, ಟೀ ಪುಡಿ ಯಾವುದ್ರಲ್ಲಿದೆ?"

"ಅದರಲ್ಲೇ ಅಣ್ಣ, ಆ ಸ್ಟೀಲ್ ಡಬ್ಬದಲ್ಲಿ" ಎಂದು ಅಷ್ಟೂ ಡಬ್ಬಗಳ ಕಡೆಗೆ ಒಟ್ಟಿಗೇ ಕೈ ತೋರಿಸಿದಳು. "ನಾನು ಅವತ್ತು ಕಿರುಚಿಕೊಂಡಿದ್ರಿಂದ ತಾನೇ ಇಷ್ಟೆಲ್ಲ ಆಗಿದ್ದು? ನಂಗೆ ಮನಸ್ಸು ಚುಚ್ತಿದೆ. ಇಷ್ಟಾದ್ರೂ ಮಾಡ್ಬೇಡ್ವಾ?"

ಇಷ್ಟರಲ್ಲಿ ಬಚ್ಚಲಿನಿಂದ ಧಡ್ ಧಡ್ ಎಂದು ಸದ್ದು. ಕೆಳಮನೆಯ ಬಡಗಿ, ಯಾರೂ ಕರೆಯದಿದ್ದರೂ ಬಂದು, ಗೋಡೆಗೆ ಉದ್ದನೆಯದೊಂದು ಮರದ ಹಿಡಿಕೆ ಕೂರಿಸುತ್ತಿದ್ದ.

"ಯಜಮಾನ್ರೇ, ಬಚ್ಚಲಲ್ಲಿ ಹಿಡಿಕೆ ಇಲ್ಲ ಅಂದ್ರೆ ಅವರು ಕಣ್ಣು ಮುಚ್ಕೊಂಡು ಫೇಲ್ ಮಾಡ್ತಾರೆ. ಕೂರಿಸಿದೀನಿ. ಒಂದೇ ಮಾತು, ಇವತ್ತು ಮಾತ್ರ ಅದನ್ನ ಹಿಡ್ಕೋಬೇಡಿ."

"ಹಿಡಿಕೆ ಇರೋದೇ ಹಿಡಿಯೋಕಲ್ವೇನಯ್ಯಾ?"

"ಅಂಟು ಹಸಿ ಇದೆ. ಇವತ್ತು ನೋಡೋಕೆ ಮಾತ್ರ."

ಲಿಫ್ಟಪ್ಪನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಮೂವರನ್ನೂ ಕೈಮುಗಿದು ಹೊರಗೆ ಕಳಿಸಿದ. ಅವರು ಹೋದರು, ಆದರೆ ಹೋದದ್ದು ಕಾರಿಡಾರಿನ ಕಿಟಕಿಯವರೆಗೆ ಮಾತ್ರ. ಪರದೆಯ ಅಂಚಿನಲ್ಲಿ ಒಂದು ಮೀಸೆ, ಒಂದು ಮೂಗುತಿ, ಒಂದು ಪೆನ್ಸಿಲ್ ಸಿಕ್ಕಿಸಿದ ಕಿವಿ ಸಾಲಾಗಿ ಕಾಣುತ್ತಿದ್ದವು.

ನರ್ಸಮ್ಮ ಮಗಳ ಜತೆಗೇ ಬಂದಳು. ಚಿಕ್ಕ ವಯಸ್ಸು, ಚುರುಕು ಕಣ್ಣು, ಕಂಡದ್ದರಲ್ಲೆಲ್ಲ ಒಳ್ಳೆಯದನ್ನೇ ಕಾಣುವ ಸ್ವಭಾವ.

"ನಮಸ್ಕಾರ ತಾತ! ಹೆದರ್ಕೋಬೇಡಿ. ಮೊದಲು ಒಂದು ಕಾಲೆತ್ತಿ ಸ್ವಲ್ಪ ಹೊತ್ತು ನಿಲ್ಲಿ ನೋಡೋಣ."

ಲಿಫ್ಟಪ್ಪ ದೇವರ ಮೇಲೆ ಭಾರ ಹಾಕಿ ಬಲಗಾಲು ಎತ್ತಿದ. ಎತ್ತಿದ್ದೇ ತಡ, ಬೆಳಗಿನ ಬಸ್ಕಿಯೆಲ್ಲ ಒಟ್ಟುಗೂಡಿ ತೊಡೆ ಗಕ್ಕನೆ ಹಿಡಿದುಕೊಂಡಿತು. ಕಾಲು ಗಾಳಿಯಲ್ಲೇ ನಿಂತುಹೋಯಿತು. ಎಡಗಾಲೂ ಕೊರಡಾಗಿದ್ದುದರಿಂದ ಅದು ಅಲುಗುವ ಪ್ರಶ್ನೆಯೇ ಇರಲಿಲ್ಲ.

"ವಾಹ್! ಸಾಕು ತಾತ, ಇಳಿಸಿ."

ಇಳಿಸುವುದು ಹೇಗೆ? ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಇಳಿಸಲಾಗುತ್ತಿಲ್ಲ ಎಂದು ಒಪ್ಪಿಕೊಂಡರೆ ತುತ್ತೂರಿ ಗ್ಯಾರಂಟಿ. ಹಲ್ಲುಕಚ್ಚಿ ಮುಗುಳ್ನಕ್ಕ.

"ಇರ್ಲಿ ಬಿಡಮ್ಮ. ನನಗೆ ಹಿಂಗೇ ಆರಾಮು."

"ತಾತ, ನಿಜವಾಗ್ಲೂ ಸಾಕು."

"ಅವಸರ ಏನಿದೆ? ನೀನು ಮಾತಾಡ್ತಾ ಇರು."

ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಪರದೆಯ ಹಿಂದಿನ ಮೀಸೆ ಹೆಮ್ಮೆಯಿಂದ ಕುಣಿಯಿತು. ನರ್ಸಮ್ಮ ಅವನ ರಕ್ತದೊತ್ತಡವನ್ನು ಆ ಭಂಗಿಯಲ್ಲೇ ನೋಡಿ, ಔಷಧಿಗಳ ಬಗ್ಗೆ ಕೇಳಿ, ಕಣ್ಣು ಕಿವಿಗಳನ್ನೂ ಪರೀಕ್ಷೆ ಮಾಡಿ ಮುಗಿಸಿದಳು. ಕೊನೆಗೆ "ಶಹಬ್ಬಾಸ್ ತಾತ!" ಎಂದು ಬೆನ್ನಿಗೊಂದು ಗುದ್ದು ಕೊಟ್ಟಾಗ ಕಾಲು ತಾನಾಗಿಯೇ ದೊಪ್ಪೆಂದು ಕೆಳಗಿಳಿಯಿತು. ಲಿಫ್ಟಪ್ಪನ ಕಣ್ಣಲ್ಲಿ ನೀರು ಬಂತು. ಅದನ್ನು ಆನಂದಬಾಷ್ಪ ಎಂದುಕೊಂಡಳು ನರ್ಸಮ್ಮ.

"ಈಗ ನನಗೊಂದು ಟೀ ಮಾಡ್ಕೊಡಿ. ಒಲೆ ಹತ್ತಿಸೋದು, ಡಬ್ಬ ತೆಗೆಯೋದು ನೋಡ್ಬೇಕು."

ಅಡುಗೆಮನೆಯಲ್ಲಿ ಅಷ್ಟೂ ಡಬ್ಬಗಳು ಅವನನ್ನು ಅಣಕಿಸುವಂತೆ ಮಿರಮಿರ ಹೊಳೆಯುತ್ತಿದ್ದವು. ಒಂದನ್ನು ತೆಗೆದ, ಬೇಳೆ. ಇನ್ನೊಂದು, ಉಪ್ಪು. ಮತ್ತೊಂದು, ಸಾಬೂನು ಪುಡಿ. ನರ್ಸಮ್ಮ ಹಿಂದೆಯೇ ನಿಂತಿದ್ದಳು. ತನ್ನ ಮನೆಯಲ್ಲೇ ಟೀ ಪುಡಿ ಎಲ್ಲಿದೆಯೆಂದು ಗೊತ್ತಿಲ್ಲದ ಮುದುಕನನ್ನು ಯಾರು ತಾನೇ ಪಾಸು ಮಾಡುತ್ತಾರೆ? ನಾಲ್ಕನೆಯದರಲ್ಲಿ ಒಣಗಿದ ಎಲೆಗಳಿದ್ದವು. ಎಲೆ ಎಲೆಯೇ ಎಂದು ಧೈರ್ಯಮಾಡಿ ಕುದಿಯುವ ನೀರಿಗೆ ಸುರಿದ. ಸಕ್ಕರೆ ಕೊನೆಗೂ ಸಿಗಲೇ ಇಲ್ಲ, ಹಾಲು ಎಲ್ಲಿ ಹೋಗಿತ್ತೋ ಅಕ್ಕನಿಗೇ ಗೊತ್ತು.

ನರ್ಸಮ್ಮ ಒಂದು ಗುಟುಕು ಕುಡಿದಳು. ಅವಳ ಮುಖ ಹಿಂಡಿದ ಬಟ್ಟೆಯ ಹಾಗಾಯಿತು. ಆಮೇಲೆ ನಿಧಾನವಾಗಿ ಅರಳಿತು.

"ತಾತ, ಇದು ಕಷಾಯ! ಸಕ್ಕರೆ ಇಲ್ಲ, ಹಾಲಿಲ್ಲ! ಸಕ್ಕರೆ ಬಿಡಿ ಅಂತ ಎಲ್ರಿಗೂ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಯಾವ ಎಲೆ ಇದು?"

"ಅದು... ಹಿಂದಿನವರ ಕಾಲದ್ದು" ಎಂದ ಲಿಫ್ಟಪ್ಪ.

ಕಿಟಕಿಯಾಚೆಯಿಂದ ಎದುರುಮನೆ ಅಕ್ಕನ ಪಿಸುಮಾತು ಕೇಳಿಸಿತು. "ಅಯ್ಯೋ ಶಿವನೇ! ಅದು ಅಕ್ಕಿಗೆ ಹುಳ ಬೀಳ್ದಿರ್ಲಿ ಅಂತ ಹಾಕೋ ಎಲೆ!"

"ನೀವೂ ಕುಡೀರಿ ತಾತ, ದಿನಾ ಕುಡಿಯೋ ಹಾಗೆ" ಎಂದಳು ನರ್ಸಮ್ಮ. ಅವನು ಕುಡಿದ. ಮನುಷ್ಯ ತನ್ನ ಮನೆಗೋಸ್ಕರ ಏನೆಲ್ಲ ನುಂಗಬೇಕಾಗುತ್ತದೆ ನೋಡಿ.

ಉಳಿದದ್ದು ಬಚ್ಚಲು. "ಒಳಗೆ ಹೋಗಿ, ಕೂತು, ಎದ್ದು ಬನ್ನಿ" ಎಂದಳು ನರ್ಸಮ್ಮ. ಕೂರುವುದೇನೋ ಕೂತ. ಏಳಲು ತೊಡೆಗಳು ಒಪ್ಪಲಿಲ್ಲ. ಆಸರೆ ಹುಡುಕುತ್ತ ಕೈ ತಾನಾಗಿಯೇ ಹಿಡಿಕೆಗೆ ಹೋಯಿತು. ಹಿಡಿಕೆ ಚರ್ರ್ ಎಂದು ಗೋಡೆಯ ಗಾರೆಯ ಸಮೇತ ಕೈಗೆ ಬಂತು. ಕೊನೆಗೆ ಅದನ್ನೇ ನೆಲಕ್ಕೆ ಊರಿ, ಅದರ ಮೇಲೆ ಭಾರ ಬಿಟ್ಟು ಎದ್ದು, ಅದನ್ನು ಹಿಡಿದುಕೊಂಡೇ ಹೊರಗೆ ಬಂದ.

"ಇದೇನು ತಾತ?"

"ಹಿಡಿಕೆ."

"ಗೋಡೇಲಿರಬೇಕಲ್ವಾ?"

ಲಿಫ್ಟಪ್ಪನಿಗೆ ತುತ್ತೂರಿ ಕಿವಿಯಲ್ಲೇ ಊದಿದಂತಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಗೋಡೇಲಿದ್ರೆ ಬಚ್ಚಲಲ್ಲಿ ಮಾತ್ರ ಸಿಗುತ್ತಮ್ಮ. ಕೈಯಲ್ಲಿದ್ರೆ ಹೋದಲ್ಲೆಲ್ಲ ಸಿಗುತ್ತೆ."

ನರ್ಸಮ್ಮ ಹಿಡಿಕೆಯನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ಹಿಡಿಕೆಯನ್ನು ನೋಡಿದಳು. ಆಮೇಲೆ ಮಗಳ ಕಡೆ ತಿರುಗಿದಳು.

"ಅಕ್ಕಾ, ನಿಮ್ಮ ತಂದೆಯಂಥವರನ್ನ ನಾನು ಎಲ್ಲೂ ನೋಡಿಲ್ಲ. ಇವರು ಒಬ್ಬರೇ ಇರಬಹುದು. ಇರಬಹುದು ಏನು, ಇರಲೇಬೇಕು!"

ಮಗಳು ಕಣ್ಣೊರೆಸಿಕೊಂಡಳು. "ತಪ್ಪಾಯ್ತಪ್ಪ. ನಿನ್ನನ್ನ ಸುಮ್ಮನೆ ಗೋಳು ಹೊಯ್ಕೊಂಡೆ. ನಿನ್ನ ಮನೇಲಿ ನೀನು ಹಾಯಾಗಿರು."

ಪರದೆಯ ಹಿಂದಿದ್ದ ಮೂವರೂ ಚಪ್ಪಾಳೆ ತಟ್ಟಿಕೊಂಡು ಒಳಗೆ ನುಗ್ಗಿದರು. ಲಿಫ್ಟಪ್ಪನಿಗೆ ಆಕಾಶಕ್ಕೆ ಮೂರೇ ಗೇಣು. ಇವರೆಲ್ಲ ಒಮ್ಮೆ ಹೊರಟರೆ ಸಾಕು, ಬಾಗಿಲು ಹಾಕಿ, ಬನಿಯನ್ನಿಗೆ ಇಳಿದು, ಸಾಯಂಕಾಲದವರೆಗೆ ಯಾರ ಮುಖವನ್ನೂ ನೋಡದೆ ಬಿದ್ದುಕೊಳ್ಳಬೇಕು ಎಂದು ಲೆಕ್ಕ ಹಾಕಿದ.

ಆದರೆ ನರ್ಸಮ್ಮ ಹೊರಡಲಿಲ್ಲ. ಬಾಗಿಲಾಚೆ ಹೋಗಿ ತನ್ನ ಮೇಲಿನವರಿಗೆ ಫೋನು ಮಾಡಿ, ಕುಣಿಯುತ್ತ ವಾಪಸು ಬಂದಳು.

"ತಾತ, ನಮ್ಮ ಡಾಕ್ಟರಮ್ಮ ಒಪ್ಪಿದ್ರು! ಒಬ್ಬರೇ ಬದುಕೋದು ಹೇಗೆ ಅಂತ ಉಳಿದ ಹಿರಿಯರಿಗೆ ಕಲಿಸೋಕೆ ನಾವೊಂದು ಮಾದರಿ ಮನೆ ಹುಡುಕ್ತಾ ಇದ್ವಿ. ಇನ್ನು ಹುಡುಕೋದೇ ಬೇಡ. ನಾಳೆಯಿಂದ ಬೆಳಿಗ್ಗೆ ಒಂದು ತಂಡ, ಮಧ್ಯಾಹ್ನ ಒಂದು ತಂಡ, ಇಲ್ಲಿಗೇ ಬರುತ್ತೆ. ಒಂಟಿ ಕಾಲು, ಕಷಾಯ, ಕೈ ಹಿಡಿಕೆ, ಎಲ್ಲ ನೀವೇ ತೋರಿಸ್ಬೇಕು."

"ಇಲ್ಲಿಗಾ? ನನ್ನ ಮನೆಗಾ?"

"ಬೇರೆ ಎಲ್ಲಿ ತಾತ?"

"ಸೀಟಿ ನಾನು ಊದ್ತೀನಿ!" ಎಂದರು ಮೇಷ್ಟ್ರು. ಎಲೆ ತರಲು ಅಕ್ಕ ಒಪ್ಪಿಕೊಂಡಳು. ಬಡಗಿ ಆಗಲೇ ಹಿಡಿಕೆಯ ಅಳತೆ ತೆಗೆಯುತ್ತಿದ್ದ.

ಲಿಫ್ಟಪ್ಪ ಕುರ್ಚಿಯಲ್ಲಿ ಕುಸಿದ. "ಆಗಲ್ಲಮ್ಮ ನನ್ನ ಕೈಲಿ. ವಯಸ್ಸಾಯ್ತು. ಕಾಲು ನೋಯುತ್ತೆ, ಸುಸ್ತಾಗುತ್ತೆ, ಶಕ್ತಿನೇ ಇಲ್ಲ..."

ಮಗಳ ಕಣ್ಣೀರು ಅಲ್ಲೇ ಆರಿತು. "ಶಕ್ತಿ ಇಲ್ವಾ? ಹಂಗಾದ್ರೆ ನಡಿ, ನಮ್ಮನೆಗೆ. ಹಾಸಿಗೆ ಹಾಸಿಟ್ಟೇ ಬಂದಿದ್ದೀನಿ."

"ಇದೆ ಇದೆ! ಇದೆಯಮ್ಮ, ಬೇಕಾದಷ್ಟಿದೆ!" ಎಂದು ಲಿಫ್ಟಪ್ಪ ಧಡಕ್ಕನೆ ಎದ್ದು ನಿಂತ.

ಎಲ್ಲರೂ ಹೊರಟುಹೋಗುವಾಗ ಸಂಜೆಯಾಗಿತ್ತು. ಲಿಫ್ಟಪ್ಪ ಬಾಗಿಲಿಗೆ ಚಿಲಕ ಹಾಕಿ, ಅಂಗಿ ಕಳಚಿ ಎಸೆದು, ಮಂಚದ ಮೇಲೆ ಕಾಲು ಚಾಚಿದ. ನಾಳೆಯ ಮಾತು ನಾಳೆಗಿರಲಿ, ಈ ಹೊತ್ತಾದರೂ ತನ್ನದು ಎಂದು ಕಣ್ಣು ಮುಚ್ಚಿದ. ಕರೆಗಂಟೆ ಮೊಳಗಿತು.

ಹೊರಗೆ ಅವನದೇ ವಯಸ್ಸಿನ ಮುದುಕನೊಬ್ಬ ಕಂಕುಳಲ್ಲಿ ದಿಂಬು, ಕೈಯಲ್ಲಿ ಚೀಲ ಹಿಡಿದು ನಿಂತಿದ್ದ.

"ಆರೋಗ್ಯ ಕೇಂದ್ರದಿಂದ ಕಳಿಸಿದ್ರು. ಒಬ್ಬನೇ ಇರೋದು ಅಂದ್ರೆ ನಂಗೆ ವಿಪರೀತ ಭಯ. ನಿಮ್ಮ ಜತೆಗಿದ್ದು ಕಲ್ತ್ಕೊಳ್ಳಿ, ಎಷ್ಟು ತಿಂಗಳಾದ್ರೂ ಪರವಾಗಿಲ್ಲ ಅಂದ್ರು ನರ್ಸಮ್ಮ." ಲಿಫ್ಟಪ್ಪ ಬಾಯಿ ತೆರೆಯುವ ಮೊದಲೇ ಅವನು ಒಳಗೆ ಬಂದು ಮಂಚವನ್ನು ಒಮ್ಮೆ ಅಮುಕಿ ನೋಡಿ ದಿಂಬು ಇಟ್ಟ. "ನಾನು ಗೋಡೆ ಕಡೆ ಮಲಗ್ತೀನಿ. ರಾತ್ರಿಯೆಲ್ಲ ಮಾತಾಡೋ ಅಭ್ಯಾಸ ನಂದು, ನಿಮಗೇನೂ ತೊಂದ್ರೆ ಇಲ್ವಲ್ಲ?"