ಅತ್ತೆ, ಮಾಳಿ ಮತ್ತು ಹಿತ್ತಲ ಕಲ್ಲು

ಎರಡು ಭಾಷೆಗಳು ಒಂದೇ ಹಿತ್ತಲಲ್ಲಿ ಕೆಲಸಕ್ಕೆ ಇಳಿದರೆ ತಮಾಷೆಯನ್ನು ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಬೆಳಿಗ್ಗೆ ಸೈಕಲ್ ಹತ್ತಿ ತಾನೇ ಬರುತ್ತದೆ.

ನಮ್ಮ ಮನೆ ಇರುವುದು ಮರಾಠಿ ಸೀಮೆಯ ಭೂಗಾಂವ ಕಡೆ, ಒಂದು ಗುಡ್ಡದ ಬುಡದಲ್ಲಿ. ಹಿಂದೆ ಎರಡು ಕಾರು ನಿಲ್ಲುವಷ್ಟು ಜಾಗ. ಬಿಲ್ಡರ್ ತೋರಿಸಿದ ಚಿತ್ರದಲ್ಲಿ ಅಲ್ಲಿ ಹಸಿರು ಹುಲ್ಲು ಇತ್ತು, ಹುಲ್ಲಿನ ಮೇಲೆ ಒಂದು ನಾಯಿಯೂ ಇತ್ತು. ಕೈಗೆ ಬಂದದ್ದು ಗುಡ್ಡದ ಕಪ್ಪು ಕಲ್ಲು, ಒಡೆದ ಟೈಲ್ಸು, ಗಟ್ಟಿಯಾದ ಸಿಮೆಂಟಿನ ಉಂಡೆಗಳು. ಹಲವು ವರ್ಷ ನಾವು ಹಿತ್ತಲ ಬಾಗಿಲನ್ನು ಬಟ್ಟೆ ಒಣಗಿಸಲು ಮಾತ್ರ ತೆರೆಯುತ್ತಿದ್ದೆವು.

ಹೋದ ವರ್ಷ ಮಂಡಿ ಆಪರೇಷನ್ ಮಾಡಿಸಿಕೊಂಡು, ಗಣಪತಿ ಹಬ್ಬಕ್ಕೆಂದು ನನ್ನ ಅತ್ತೆ ಕೊಪ್ಪಳದಿಂದ ಬಂದರು. ಡಾಕ್ಟರು ದಿನಾ ನಡೆಯಲು ಹೇಳಿದ್ದರು. ಸೊಸೈಟಿಯ ಸಿಮೆಂಟ್ ರಸ್ತೆಯ ಮೇಲೆ ಕಾಲಿಟ್ಟರೆ ಮಂಡಿ ಬೈಯುತ್ತದೆ ಎಂದು ಅತ್ತೆಯ ದೂರು. ಹುಬ್ಬಳ್ಳಿಯ ಕಿರಿಮಗಳ ಮನೆಯಲ್ಲಿ ಒಳ್ಳೆ ಹುಲ್ಲುಹಾಸು ಇದೆ, ದೀಪಾವಳಿ ಮುಗಿಸಿ ಅಲ್ಲಿಗೇ ಹೋಗಿಬಿಡುತ್ತೇನೆ ಎಂದರು.

ಅವರು ಹೋಗುವುದು ನನಗೆ ಬೇಕಿರಲಿಲ್ಲ. ಅವರು ಬಂದ ಮೇಲೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಸದ್ದು ಇರುತ್ತಿತ್ತು, ಹೆಂಡತಿ ನಗುತ್ತಿದ್ದಳು. ಆದರೆ ನಾನು ಹೆಚ್ಚು ಮಾತಾಡುವವನಲ್ಲ. ಚಾಕಣದ ಕಾರ್ಖಾನೆಯಲ್ಲಿ ನನ್ನ ಕೆಲಸ ಬಿಡಿಭಾಗಗಳನ್ನು ನೋಡಿ ಸರಿ ಅಥವಾ ಸರಿಯಿಲ್ಲ ಎನ್ನುವುದು. ಅದೇ ಅಭ್ಯಾಸ ಮನೆಗೂ ಬಂದಿದೆ. ಇಲ್ಲೇ ಇರಿ ಎಂದು ಹೇಳುವ ಬದಲು, ಹಿತ್ತಲಲ್ಲಿ ಹುಲ್ಲು ಬೆಳೆಸಲು ಒಬ್ಬ ಮಾಳಿಯನ್ನು, ಅಂದರೆ ತೋಟದ ಕೆಲಸದವನನ್ನು, ಗೊತ್ತುಮಾಡಿದೆ.

ಕಲ್

ಅತ್ತೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಮಾಳಿಗೆ ಮರಾಠಿ, ಬೇಕೆಂದರೆ ಸ್ವಲ್ಪ ಹಿಂದಿ. ಮೊದಲ ದಿನ ಅವನು ಬಂದಾಗ ಮನೆಯಲ್ಲಿ ಅತ್ತೆ ಒಬ್ಬರೇ. ನಾನು ಕಾರ್ಖಾನೆಗೆ, ಹೆಂಡತಿ ತಾನು ಪಾಠ ಮಾಡುವ ಶಾಲೆಗೆ ಹೋಗಿದ್ದೆವು. ಅತ್ತೆ ಅವನನ್ನು ಹಿತ್ತಲಿಗೆ ಕರೆದೊಯ್ದು, ನೆಲಕ್ಕೆ ಬೆರಳು ತೋರಿಸಿ, ಪಾಪ ಅವನಿಗೆ ಮೊದಲೇ ಗೊತ್ತಿರಲಿ ಎಂದು, "ಕಲ್ಲು" ಎಂದರು. ಅವನು ತಲೆಯಾಡಿಸಿ ಸೈಕಲ್ ಹತ್ತಿ ಹೊರಟುಹೋದ. ಮರುದಿನವೂ ಹಾಗೆಯೇ. ಅದರ ಮರುದಿನ ಅವನಿಗೆ ಸರಿಯಾಗಿ ತಿಳಿಯಲೆಂದು ಅತ್ತೆ ಎರಡು ಸಲ ಹೇಳಿದರು. ಅವನು ಇನ್ನೂ ಬೇಗ ಹೋದ.

"ಎಂಥಾವನ್ನ ಹುಡುಕೀರಿ? ಕಲ್ಲಿನ ಹೆಸರು ಕೇಳಿದ್ರನ ಓಡತಾನ" ಎಂದು ಅತ್ತೆ ಸಂಜೆ ನನ್ನನ್ನು ಕೇಳಿದರು.

ಅಷ್ಟರಲ್ಲಿ ಅವನದೇ ಫೋನ್ ಬಂತು. ಮನೆಯ ಆಜಿ, ಅಂದರೆ ಅಜ್ಜಿ, ಹಿಂದಿಯಲ್ಲಿ ಮಾತಾಡುತ್ತಾರೆ, ದಿನವೂ "ಕಲ್" ಅನ್ನುತ್ತಾರೆ. ಈ ನಾಳೆ ಯಾವಾಗ ಬರುತ್ತದೆ ಎಂದು ವಿಚಾರಿಸಿದ. ದಿನವೂ ನಾಳೆ ಬಾ ಎಂದಂತೆ ಕೇಳಿಸಿದರೂ ಮೂರು ದಿನ ಗೊಣಗದೆ ಬಂದು ಹೋಗಿದ್ದ. ಸರಕಾರಿ ಕಚೇರಿಗೆ ಅಲೆದು ಅಭ್ಯಾಸವಿದೆ, ಆಜಿ ಅಲ್ಲಿಯವರಿಗಿಂತ ಚೆನ್ನಾಗಿ ಮಾತಾಡಿಸುತ್ತಾರೆ ಎಂದ.

ಅಂದೇ ಅತ್ತೆ ಮರಾಠಿಯ ಮೊದಲ ಪದ ಕಲಿತರು. ಕಲ್ಲಿಗೆ ದಗಡ.

ಹಳೂ

ಕೆಲಸ ಶುರುವಾಯಿತು. ಅವನು ಹಾರೆ ಹಾಕಿ ಕಲ್ಲು ಎಬ್ಬಿಸುವುದು, ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೋಲಿನಿಂದ ಮುಂದಿನ ಕಲ್ಲು ತೋರಿಸುವುದು. ಇಬ್ಬರೂ ದಿನವಿಡೀ ಮಾತಾಡುತ್ತಿದ್ದರು. ಅವನು ಮರಾಠಿಯಲ್ಲಿ ತನ್ನ ಸೊಸೆಯ ವಿಷಯ ಹೇಳಿದರೆ ಇವರು ಕನ್ನಡದಲ್ಲಿ ತಮ್ಮ ನಾದಿನಿಯ ವಿಷಯ ಹೇಳುತ್ತಿದ್ದರು. ಸರಿಯಾದ ಜಾಗದಲ್ಲಿ ಇಬ್ಬರೂ ನಿಟ್ಟುಸಿರು ಬಿಡುತ್ತಿದ್ದರು. ಎರಡೂ ಭಾಷೆ ಬಲ್ಲ ನಾನು ರಜೆಯ ದಿನ ಕಿಟಕಿಯ ಬಳಿ ಪುಸ್ತಕ ಹಿಡಿದು ಕೂತು ಕೇಳುತ್ತಿದ್ದೆ. ಪುಟ ಮುಂದೆ ಹೋಗುತ್ತಿರಲಿಲ್ಲ.

ಒಂದು ದಿನ ಅತ್ತೆ ನೆಲ ತೋರಿಸಿ, ಕೈಯಿಂದ ಹುಲ್ಲು ಏಳುವಂತೆ ಅಭಿನಯಿಸಿ, ಯಾವಾಗ ಎಂದು ಸನ್ನೆ ಮಾಡಿದರು. ಅವನು ನಗುತ್ತ "ಹಳೂ ಹಳೂ" ಎಂದ. ಮರಾಠಿಯಲ್ಲಿ ಅದಕ್ಕೆ ನಿಧಾನವಾಗಿ ಎಂದರ್ಥ.

ಅತ್ತೆ ಎದ್ದು ಒಳಗೆ ಬಂದರು. "ಇನ್ನೂ ಒಂದ ಎಸಳು ಹುಲ್ಲು ಹಚ್ಚಿಲ್ಲ, ಈಗ್ಲೇ ಹಾಳು ಹಾಳು ಅಂತಾನ. ಅದೂ ನಕ್ಕೋತ" ಎಂದು ಉಪ್ಪು, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಹೊರಗೆ ಹೋದರು. ನಾನು ಪುಸ್ತಕ ಕೆಳಗಿಟ್ಟು ಹೋಗುವಷ್ಟರಲ್ಲಿ ಹಿತ್ತಲಿಗೆ ದೃಷ್ಟಿ ತೆಗೆದಾಗಿತ್ತು. ಮಾಳಿ ಟೊಪ್ಪಿಗೆ ತೆಗೆದು ಭಕ್ತಿಯಿಂದ ನಿಂತಿದ್ದ.

ಆ ಪದದ ಅರ್ಥವನ್ನು ನಾನು ಹೇಳಿದ ಮೇಲೆ ಅತ್ತೆ ನಾಚಿಕೊಂಡು ಅವನಿಗೆ ಎರಡು ಸಲ ಚಹಾ ಕೊಟ್ಟರು. ಅವನು ಚಹಾ ಕುಡಿದು, ತನ್ನ ಸೈಕಲ್ಲು ಮೇಲಿಂದ ಮೇಲೆ ಪಂಕ್ಚರ್ ಆಗುತ್ತಿದೆ, ಆಜಿ ಅದಕ್ಕೂ ಒಂದು ಸಲ ದೃಷ್ಟಿ ತೆಗೆಯಬಹುದೇ ಎಂದು ಕೇಳಿದ.

ಗುಂಡು

ಹಾರೆಗೆ ಒಂದು ದಿನ ಉದ್ದನೆಯ ಗುಂಡುಕಲ್ಲು ಸಿಕ್ಕಿತು. ನುಣುಪಾಗಿ, ಕೈಗೆ ಹೊಂದುವಂತಿತ್ತು. ಅತ್ತೆಗೆ ಖುಷಿಯೋ ಖುಷಿ. ಮಿಕ್ಸರಿನ ಚಟ್ನಿಗೆ ರುಚಿಯೇ ಇಲ್ಲ ಎಂದು ಅವರು ಬಂದ ದಿನದಿಂದ ಹೇಳುತ್ತಿದ್ದರು. ಅರೆಯಲು ಗುಂಡು ಸಿಕ್ಕಿತೆಂದು ಆ ಕಲ್ಲನ್ನು ತಿಕ್ಕಿ ತೊಳೆದು, ಒಣಗಲೆಂದು ತುಳಸಿಯ ಪಕ್ಕದಲ್ಲಿ ಇಟ್ಟು ಮಲಗಲು ಹೋದರು.

ತುಳಸಿಯ ಪಕ್ಕದಲ್ಲಿ ಮೈ ತೊಳೆದು ಕೂತ ಕಲ್ಲನ್ನು ಮಾಳಿ ಕಂಡ. ಒಂದು ದಾಸವಾಳ ಇಟ್ಟ. ಎಲ್ಲರೂ ಕಾಕೂ ಎನ್ನುವ ಪಕ್ಕದ ಮನೆಯ ಹೆಂಗಸು ಗೋಡೆಯಾಚೆಯಿಂದ ದಾಸವಾಳ ಕಂಡು ಅರಿಶಿನ ಕುಂಕುಮ ತಂದರು. ಅತ್ತೆ ಎದ್ದು ಬರುವ ಹೊತ್ತಿಗೆ ಎದುರುಮನೆಯವರು ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು.

ಜನ ಕೈಮುಗಿದ ಮೇಲೆ ಅದರಿಂದ ಅರೆಯುವುದು ಹೇಗೆ? ಸಂಜೆ ಅತ್ತೆ ಮಿಕ್ಸರಿನಲ್ಲೇ ಶೇಂಗಾ ಚಟ್ನಿ ಮಾಡಿದರು. ಮೊದಲ ಚಮಚ ಎಲೆಯ ಮೇಲಿಟ್ಟು ಹಿತ್ತಲಿಗೆ ಒಯ್ದು ಕಲ್ಲಿನ ಮುಂದೆ ಇಟ್ಟರು.

"ಚಟ್ನಿ ಅರಿಯಾಕಂತ ಬಂದಿದ್ದ. ರುಚಿನಾದ್ರೂ ನೋಡ್ಲಿ" ಎಂದರು.

ಮಾತಿ

ದೊಡ್ಡ ಕಲ್ಲುಗಳು ಮುಗಿದು ಸಣ್ಣವು ಉಳಿದವು. ಮಾಳಿ ಕಬ್ಬಿಣದ ಜರಡಿ ತಂದಿದ್ದ. ಅತ್ತೆ ಅದನ್ನು ಒಪ್ಪಲಿಲ್ಲ. ತಮ್ಮ ಮೊರ ತಂದು, ಅದರಲ್ಲಿ ಒಂದೊಂದು ಬೊಗಸೆ ಮಣ್ಣು ಹಾಕಿಕೊಂಡು, ಅಕ್ಕಿ ಆರಿಸಿದಂತೆ ಕಲ್ಲು ಆರಿಸಿದರು. ನೋಡಲು ಚೆಂದ. ಬೆರಳು ತಾನಾಗಿ ಹೋಗಿ ಹರಳನ್ನು ಹೆಕ್ಕುತ್ತಿತ್ತು, ಬಾಯಿ ನಾದಿನಿಯ ಕಥೆಯನ್ನು ಬಿಡುತ್ತಿರಲಿಲ್ಲ. ಅವರ ಮೊರದಿಂದ ಇಳಿದ ಮಣ್ಣನ್ನು ಬೇಯಿಸಿದ್ದರೆ ಅನ್ನವಾಗುತ್ತಿತ್ತೇನೋ.

ಹೀಗೆ ಆರಿಸಿದ್ದರಿಂದ ಗೋಡೆಯ ಬದಿಗೆ ಕಲ್ಲಿನ ಗುಡ್ಡೆ ಬೆಳೆಯಿತು, ಮಣ್ಣು ಮಾತ್ರ ಹಿತ್ತಲಿನ ಮೂಲೆಯೂ ತುಂಬದಷ್ಟು ಉಳಿಯಿತು. ದೀಪಾವಳಿ ಹತ್ತಿರ ಬಂದಿತ್ತು. ಅತ್ತೆ ಹುಬ್ಬಳ್ಳಿಯ ಟಿಕೆಟ್ ವಿಚಾರ ಎತ್ತಿದ್ದರು. ನಾನು ಹೂಂ ಎಂದಿದ್ದೆ.

ಆ ಭಾನುವಾರ ಮಾಳಿ ಕೈ ಕೊಡವಿಕೊಂಡು ನನ್ನ ಎದುರು ಬಂದು ನಿಂತ. ಅತ್ತೆ ಕುರ್ಚಿಯಲ್ಲಿದ್ದರು, ಹೆಂಡತಿ ಬಾಗಿಲಲ್ಲಿ. ಮರಾಠಿಯಲ್ಲಿ ಮಾತಿ ಎಂದರೆ ಮಣ್ಣು. ಅವನು ನನ್ನನ್ನೇ ನೋಡುತ್ತ, ಬೇಸರದಿಂದ, "ಸಾಹೇಬ, ಮಾತಿ ಕಮಿ ಆಹೆ. ದಗಡಚ ಜಾಸ್ತ" ಎಂದ.

ಅತ್ತೆಯ ಕೈ ಮೊರದಲ್ಲಿ ನಿಂತಿತು. ದಗಡ ಅವರಿಗೆ ಗೊತ್ತಿದ್ದ ಪದ. ಉಳಿದದ್ದು ಅವರ ಕಿವಿಗೆ ಅಚ್ಚ ಕನ್ನಡ. ಮಾತು ಕಮ್ಮಿ, ಬರೀ ಕಲ್ಲು.

"ಖರೇ ಹೇಳಿದ್ಯಪ್ಪಾ" ಎಂದರು ಅವನಿಗೆ. "ಮದುವಿ ಆದಾಗಿಂದ ನಮಗ ಹೇಳಾಕ ಬಾಯಿ ಬಂದಿರಲಿಲ್ಲ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಾಳಿ ಗಂಭೀರವಾಗಿ ಮುಂದುವರಿಸಿದ: ಹೊರಗಿನಿಂದ ತರಿಸಬೇಕಾಗುತ್ತದೆ, ಇಲ್ಲದಿದ್ದರೆ ಇಲ್ಲಿ ಏನೂ ಚಿಗುರುವುದಿಲ್ಲ. ಅವನು ಏನಂತಾನೆ ಎಂದು ಅತ್ತೆ ಮಗಳನ್ನು ಕೇಳಿದರು. ಅವಳು ಒಂದಿಷ್ಟೂ ತಿದ್ದದೆ ಅದನ್ನೇ ಕನ್ನಡದಲ್ಲಿ ಹೇಳಿದಳು.

"ಹೊರಗಿಂದ ಯಾಕ?" ಎಂದರು ಅತ್ತೆ. "ನಾ ಅದೀನಲ್ಲ."

ಮನಸ್ಸಿನ ಮಾತು ಹೇಳಲು ನನಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದು ಸಿಗುವುದಿಲ್ಲ ಅನ್ನಿಸಿತು.

"ಹಂಗಾದ್ರ ಹುಬ್ಬಳ್ಳಿಗೆ ಹೋಗಬ್ಯಾಡ್ರಿ. ಇಲ್ಲೇ ಇರ್ರಿ. ನೀವು ಹೋದ್ರ ಮನಿ ಬಿಕೋ ಅಂತದ" ಎಂದೆ.

ಅತ್ತೆ ಮಗಳ ಕಡೆ ನೋಡಿದರು. ಮಗಳು ನನ್ನ ಕಡೆ ನೋಡಿದಳು. ಏನೋ ನಡೆದಿದೆ ಎಂದು ಮಾಳಿಗೂ ಗೊತ್ತಾಗಿ, ಏನೆಂದು ಕೇಳಿದ. ಹೆಂಡತಿ ಎಲ್ಲವನ್ನೂ ಮರಾಠಿಯಲ್ಲಿ ಬಿಡಿಸಿ ಹೇಳಿದಳು. ಅವನು ನಗಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ, ಅಗೆಯುವ ಮೊದಲು ನೆಲ ನೋಡುವಂತೆ ನೋಡಿ, ಅತ್ತೆಗೆ ಸಮಾಧಾನ ಹೇಳಿದ.

"ಹೋಯೀಲ, ಆಜಿ. ಹಳೂ ಹಳೂ."

ಆಗುತ್ತದೆ, ನಿಧಾನವಾಗಿ ಎಂದು ಅದರರ್ಥ. ಈ ಸಲ ಅತ್ತೆ ಉಪ್ಪು ಮೆಣಸಿನಕಾಯಿ ಹುಡುಕಲಿಲ್ಲ. ತಾವು ಕಲಿತ ಮರಾಠಿಯಲ್ಲೇ, ನನ್ನತ್ತ ಪ್ರೀತಿಯಿಂದ ಕೈ ತೋರಿಸಿ ಒಪ್ಪಿಗೆ ಕೊಟ್ಟರು. "ಹೌದಪ್ಪಾ. ಹಾಳೂ ಹಾಳೂ."

ಉಚ್ಚಾರ ತಿದ್ದಬಹುದಿತ್ತು. ಆದರೆ ಆ ದಿನದ ನನ್ನ ಪಾಲಿನ ಮಾತು ಆಗಲೇ ಮುಗಿದುಹೋಗಿತ್ತು.