ಯಾರೂ ಹಚ್ಚದ ಮೇಣದ ಬತ್ತಿ

ಎಲ್ಲದಕ್ಕೂ ಕಾರಣ ಆ ಹಲಗೆ. ಬೆಳಿಗ್ಗೆ ಅಂಗಡಿ ತೆರೆದವನೇ ಮೇಣದಣ್ಣ 'ವ್ಯಾಪಾರ ಸುಧಾರಿಸಲು ನಿಮ್ಮ ಸಲಹೆಗಳಿಗೆ ಸ್ವಾಗತ' ಎಂದು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದ. ಹುಲಿಯ ಬೋನಿನ ಬಾಗಿಲು ತೆಗೆದು, ಒಳಗೆ ತಾನೇ ತಟ್ಟೆ ಹಾಕಿಕೊಂಡು ಕೂತಂತಾಯಿತು.

ಅವನ ಕೆಲಸದಲ್ಲಿ ಕೊರತೆ ಇರಲಿಲ್ಲ. ಅವನು ಮೇಣದ ಬತ್ತಿಗಳನ್ನು ಬೆಕ್ಕು, ಗೂಬೆ, ಆನೆ, ಹರಿದ ಬೂಟುಗಳ ಆಕಾರದಲ್ಲಿ ಮಾಡುತ್ತಿದ್ದ. ಬೆಕ್ಕನ್ನು ನೋಡಿದರೆ ಹಾಲು ಹಾಕಬೇಕೆನಿಸುತ್ತಿತ್ತು, ಬೂಟನ್ನು ನೋಡಿದರೆ ಮೂಗು ಮುಚ್ಚಿಕೊಳ್ಳಬೇಕೆನಿಸುತ್ತಿತ್ತು. ಕೇಡು ಬಂದದ್ದೇ ಅಲ್ಲಿಂದ. ಕೊಂಡವರು ಯಾರೂ ಅವನ್ನು ಹಚ್ಚುತ್ತಿರಲಿಲ್ಲ. ಹಚ್ಚಿದರೆ ತಾನೇ ಕರಗುವುದು? ಕರಗಿದರೆ ತಾನೇ ಇನ್ನೊಂದು ಕೊಳ್ಳಲು ಬರುವುದು?

"ಕರೆಂಟು ಹೋದ್ರೆ ನಾವು ಆನೆ ಪಕ್ಕ ಕತ್ತಲಲ್ಲೇ ಕೂತಿರ್ತೀವಪ್ಪ," ಎಂದು ಪಕ್ಕದ ಅಂಗಡಿಯ ಟೈಲರಮ್ಮ ಹೇಳುತ್ತಿದ್ದಳು. "ಹಚ್ಚೋಕೆ ಮನಸ್ಸೇ ಬರಲ್ಲ. ಕಡ್ಡಿ ಗೀರಿದ್ರೆ ಸಾಕು, ಅದು ನಮ್ಮನ್ನೇ ನೋಡ್ತಾ ಇರತ್ತೆ."

ತನ್ನ ಒಂದು ಬತ್ತಿಯನ್ನಾದರೂ ಯಾರಾದರೂ ಹಚ್ಚಿ, ಅದರ ಬೆಳಕನ್ನು ತಾನು ನೋಡಬೇಕು ಎಂಬುದು ಮೇಣದಣ್ಣನ ಬಹಳ ದಿನದ ಆಸೆ. ಆದರೆ ಅವತ್ತು ಆಸೆಗಿಂತ ಭಯ ದೊಡ್ಡದಿತ್ತು. ಹೆಂಡತಿಯ ಅಣ್ಣ, ಬೀದಿಯ ಕೊನೆಯ ದೊಡ್ಡ ಹಾಸಿಗೆ ಅಂಗಡಿಯ ಯಜಮಾನ, ಗಡುವು ಕೊಟ್ಟಿದ್ದ.

"ರೀ, ಅಣ್ಣ ಹೇಳಿದ್ದು ನೆನಪಿದೆ ತಾನೆ?" ಎಂದು ಹೆಂಡತಿ ಮನೆಯಲ್ಲಿ ಬುತ್ತಿ ಕೊಡುವಾಗಲೇ ಮತ್ತೊಮ್ಮೆ ಚುಚ್ಚಿದ್ದಳು. "ಇವತ್ತು ಸಂಜೆಯೊಳಗೆ ಒಂದಾದ್ರೂ ಮಾರಾಟ ಆಗ್ಬೇಕು. ಇಲ್ಲಾಂದ್ರೆ ನಾಳೆಯಿಂದ ಹಾಸಿಗೆ."

ಹಾಸಿಗೆ ಎಂದರೆ ನಿಜವಾಗಿಯೂ ಹಾಸಿಗೆಯೇ. ಅಂಗಡಿಯ ಗಾಜಿನ ಕಿಟಕಿಯ ಹಿಂದೆ, ಬೀದಿಗೆ ಕಾಣುವಂತೆ, ಬೆಳಿಗ್ಗೆಯಿಂದ ಸಂಜೆಯವರೆಗೆ ನಗುನಗುತ್ತಾ ನಿದ್ದೆ ಮಾಡುವ ಕೆಲಸ. ಆ ಕೆಲಸದಲ್ಲಿ ಮೊದಲು ಇದ್ದವನು ರಾತ್ರಿ ಮನೆಯಲ್ಲಿ ನಿದ್ದೆ ಬಾರದೆ ಸೊರಗಿ ಕೆಲಸ ಬಿಟ್ಟಿದ್ದ.

ಹಲಗೆ ತೂಗುಹಾಕಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಎದುರಿನ ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಬಂದ. ಒಳಗೆ ಅವನ ಗಿರಾಕಿ ಅರ್ಧ ತಲೆಯಲ್ಲಿ ಕಾಯುತ್ತಿದ್ದ.

"ವ್ಯಾಪಾರದ ಗುಟ್ಟು ಹೇಳ್ತೀನಿ ಕೇಳು. ಬಂದೋರನ್ನ ಮೊದಲು ಕೂರಿಸು. ಕೂರಿಸಿ ಕುತ್ತಿಗೆಗೆ ಒಂದು ಬಟ್ಟೆ ಕಟ್ಟು. ಬಟ್ಟೆ ಕಟ್ಟಿಸ್ಕೊಂಡೋನು ಎದ್ದು ಓಡಿದ್ದು ನಾನು ನೋಡಿಲ್ಲ."

"ಅಷ್ಟೇ ಸಾಲದು," ಎಂದು ಟೈಲರಮ್ಮ ಪಕ್ಕದಿಂದ ಬಂದು ಕೊರಳಿನ ಟೇಪನ್ನು ಸರಕ್ಕನೆ ಎಳೆದಳು. "ಅಳತೆ ತಗೋಬೇಕು. ಅಳತೆ ಕೊಟ್ಟ ಮೇಲೆ ಇದು ನಂದೇ ಅನ್ನೋ ಭಾವನೆ ತಾನಾಗೇ ಬರತ್ತೆ."

ಮಹಡಿಯ ಮೇಲಿನ ಹಲ್ಲಿನ ಡಾಕ್ಟರು ಮೆಟ್ಟಿಲಿಳಿದು ಬಂದು ಇಬ್ಬರನ್ನೂ ಕರುಣೆಯಿಂದ ನೋಡಿದರು. "ಇವೆಲ್ಲ ಆಮೇಲಿನ ಮಾತು. ಮೊದಲು ಹೆದರಿಸ್ಬೇಕು ಕಣಯ್ಯಾ. ತಲೆ ಅಲ್ಲಾಡಿಸಿ ನಿಟ್ಟುಸಿರು ಬಿಡು. ಹೆದರದೆ ಇರೋ ಗಿರಾಕಿ ಯಾವತ್ತೂ ನಾಳೆ ಬರ್ತೀನಿ ಅಂತಾನೆ."

ಮೇಣದಣ್ಣ ಯಾರ ಮನಸ್ಸನ್ನೂ ನೋಯಿಸುವವನಲ್ಲ. ಮೂರೂ ಸಲಹೆಗಳನ್ನು ಒಪ್ಪಿಕೊಂಡ. ಅಷ್ಟರಲ್ಲೇ, ತಿಂಗಳುಗಳ ನಂತರ, ನಿಜವಾದ ಗಿರಾಕಿಯೊಬ್ಬಳು ಹೊಸ್ತಿಲು ದಾಟಿದಳು. ಕನ್ನಡಕ ಹಾಕಿದ, ಅವಸರದಲ್ಲಿದ್ದ ಹೆಂಗಸು.

"ಒಂದು ಮೇಣದ ಬತ್ತಿ ಕೊಡಿ."

"ಕೂತ್ಕೊಳ್ಳಿ," ಎಂದ ಮೇಣದಣ್ಣ. ಆಕೆ ಕೂರುವಷ್ಟರಲ್ಲಿ ಕ್ಷೌರದಂಗಡಿಯ ಬಿಳಿ ಬಟ್ಟೆ ಆಕೆಯ ಕತ್ತಿಗೆ ಬಿಗಿದಾಗಿತ್ತು. ಟೈಲರಮ್ಮ ಭುಜದ ಅಳತೆ ಕೂಗಿದಳು. ಡಾಕ್ಟರು ಮೂಲೆಯಿಂದ ಕಣ್ಸನ್ನೆ ಮಾಡಿದರು. ಮೇಣದಣ್ಣ ಆಳವಾಗಿ ನಿಟ್ಟುಸಿರು ಬಿಟ್ಟ.

"ಮನೇಲಿ ಈ ಕತ್ತಲೆ ಎಷ್ಟು ದಿನದಿಂದ ಇದೆ?"

"ಏನು?"

"ರಾತ್ರಿ ಹೊತ್ತು ಜಾಸ್ತಿ ಆಗತ್ತಾ?"

"ಕತ್ತಲೆ ರಾತ್ರಿ ಹೊತ್ತು ತಾನೇ..." ಆಕೆ ಬಾಗಿಲ ಕಡೆ ನೋಡಿದಳು.

ಮೇಣದಣ್ಣ ತಲೆ ಅಲ್ಲಾಡಿಸಿದ. "ಮೊದಲೇ ಬರ್ಬೇಕಿತ್ತು ನೀವು."

ಆಕೆ ಬಟ್ಟೆಯ ಸಮೇತ ಓಡಿದಳು. ಬಿಳಿ ಬಟ್ಟೆ ಬೆನ್ನ ಹಿಂದೆ ಹಾಯಿಯಂತೆ ಉಬ್ಬಿ, ಅದೇ ಹೊತ್ತಿಗೆ ಬರುತ್ತಿದ್ದ ಹಾಸಿಗೆ ಭಾವನ ಮುಖವನ್ನು ಒರೆಸಿಕೊಂಡು ಹೋಯಿತು.

"ಮುಗೀತಲ್ಲ?" ಎಂದ ಭಾವ, ಬಾಗಿಲಲ್ಲೇ ನಿಂತು. "ಸಂಜೆ ತನಕ ಯಾಕೆ ಕಾಯೋದು? ನಾಳೆ ಬೇಗ ಬಂದ್ಬಿಡು. ದಿಂಬು ಅಂಗಡಿಯದೇ."

ಮೇಣದಣ್ಣ ಗೋಡೆಗೆ ಒರಗಿಬಿಟ್ಟ. ತನ್ನ ಸಲಹೆ ಹೀಗೆ ಓಡಿಹೋದದ್ದು ಟೈಲರಮ್ಮನಿಗೆ ಅವಮಾನವಾಗಿತ್ತು. ಅವಳು ಸೊಂಟಕ್ಕೆ ಕೈಕೊಟ್ಟು ಕೇಳಿದಳು: "ಮಲಗೋಕೆ ಮನುಷ್ಯನೇ ಯಾಕ್ರೀ ಬೇಕು? ಇವನ ಕೈಲಿ ಒಂದು ಮೇಣದ ಮನುಷ್ಯನ್ನ ಮಾಡಿಸ್ಕೊಳ್ಳಿ. ರಜಾ ಕೇಳಲ್ಲ, ಚಹಾ ಕೇಳಲ್ಲ."

"ಗೊರಕೆ ಹೊಡೆಯಲ್ಲ," ಎಂದ ಕ್ಷೌರದಂಗಡಿಯವನು.

ಭಾವನ ಮುಖದಲ್ಲಿ ಲೆಕ್ಕಾಚಾರ ಓಡಾಡಿತು. "ಸರಿ. ಸಂಜೆ ಒಬ್ಬ ದೊಡ್ಡ ಹೋಟೆಲ್ ಯಜಮಾನ ನನ್ನಂಗಡಿಗೆ ಬರ್ತಾನೆ. ಅಷ್ಟರೊಳಗೆ ತಲೆ ಮತ್ತೆ ಎರಡು ಕೈ ಮಾಡು, ಮಿಕ್ಕಿದ್ದಕ್ಕೆ ಕಂಬಳಿ ಹೊದಿಸೋಣ. ಅವನು ಮೆಚ್ಚಿದ್ರೆ ನೀನು ಜನ್ಮದಲ್ಲಿ ನನ್ನ ಹಾಸಿಗೆ ಮೇಲೆ ಮಲಗೋದು ಬೇಡ."

ಅಷ್ಟು ಮೇಣ ಎಲ್ಲಿಂದ ತರುವುದು? ಬೆಕ್ಕು, ಗೂಬೆ, ಬೂಟು ಎಲ್ಲವೂ ಬಾಣಲೆಗೆ ಹೋದವು. ಬೆಕ್ಕು ಕೊನೆಯವರೆಗೂ ಅವನನ್ನೇ ನೋಡುತ್ತಾ ಮುಳುಗಿತು.

ಅಚ್ಚಿಗೆ ಮುಖ ಬೇಕಿತ್ತು. ಎಲ್ಲರೂ ಮೇಣದಣ್ಣನನ್ನೇ ನೋಡಿದರು. ಕ್ಷೌರದಂಗಡಿಯವನು ಸೋಪು ಹಚ್ಚುವ ಬ್ರಷ್ಷಿನಲ್ಲೇ ಅವನ ಮುಖಕ್ಕೂ ಬೋಳು ತಲೆಗೂ ಗಾರೆಯಂಥ ಹಿಟ್ಟು ಬಳಿದ. ಡಾಕ್ಟರು ಮೂಗಿಗೆ ಕೊಳವೆ ಸಿಕ್ಕಿಸಿ, "ನೋವಾದ್ರೆ ಕೈ ಎತ್ತು," ಎಂದರು. ಅವನು ಕೈ ಎತ್ತಿದ. ಅಭ್ಯಾಸಬಲದಿಂದ ಅವರು ಅದನ್ನು ಲಕ್ಷಿಸಲಿಲ್ಲ. ಅಚ್ಚು ಬಿಚ್ಚಿದಾಗ ಮೇಣದಣ್ಣನ ಎರಡು ಹುಬ್ಬುಗಳೂ ಅದರ ಜೊತೆಗೇ ಬಂದವು.

"ಬೆಳೆಯತ್ತೆ ಬಿಡು," ಎಂದ ಕ್ಷೌರದಂಗಡಿಯವನು. "ನಾನು ದಿನಾ ನೋಡ್ತೀನಿ."

ಆದರೆ ಅಚ್ಚಿನಿಂದ ಹೊರಬಂದ ತಲೆ! ಅಚ್ಚಿಗಂಟಿದ್ದ ಹುಬ್ಬು, ಕೆನ್ನೆಯ ಗುಳಿ, ಮೂಗಿನ ಪಕ್ಕದ ನರುಲಿ, ತುಟಿಯಂಚಿನ ನಗು, ಏನೊಂದೂ ಬಿಟ್ಟುಹೋಗಿರಲಿಲ್ಲ. ಊಟದ ಡಬ್ಬಿ ಒಯ್ಯಲು ಬಂದ ಹೆಂಡತಿ ಆ ತಲೆಗೇ, "ಯಾಕ್ರೀ ಅನ್ನ ಹಾಗೇ ಬಿಟ್ಟಿದ್ದೀರಿ?" ಎಂದು ಗದರಿದಳು. ಆಮೇಲೆ ಹತ್ತಿರ ಬಂದು ಕಣ್ಣು ಕಿರಿದು ಮಾಡಿದಳು.

"ನೆತ್ತಿ ಮೇಲೆ ಇದೇನ್ರೀ, ದಾರ?"

ಮೇಣದಣ್ಣ ನೋಡಿ ಬೆಪ್ಪಾದ. ಮೇಣ ಹುಯ್ಯುವಾಗ ನಡುವೆ ಬತ್ತಿಯ ದಾರ ಇಳಿಬಿಡುವುದು ಅವನ ಕೈಗೆ ಉಸಿರಾಟದಂತೆ ರೂಢಿಯಾಗಿತ್ತು. ಇಲ್ಲೂ ಇಳಿಬಿಟ್ಟಿದ್ದ.

"ಇರ್ಲಿ ಬಿಡೇ. ಉಳಿದ ಒಂದು ಕೂದಲು ಅಂದ್ಕೋತಾರೆ."

ಸಂಜೆ ಮೇಣದ ಮನುಷ್ಯ ಕಂಬಳಿ ಹೊದ್ದು ಕಿಟಕಿಯ ಹಾಸಿಗೆಯ ಮೇಲೆ ಮಲಗಿದ. ಹೋಟೆಲ್ ಯಜಮಾನ ಬಂದು ಕಾಲು ಒಳಗಿಡುತ್ತಿದ್ದಂತೆ ಕರೆಂಟು ಹೋಯಿತು. ಕತ್ತಲಲ್ಲಿ ಭಾವ ತಡಕಾಡಿ ಕಡ್ಡಿ ಗೀರಿದ. ಎದುರಿಗೇ ನೆತ್ತಿಯ ಮೇಲೆ ದಾರ ಕಂಡಿತು. ಹಿಂದೆಮುಂದೆ ನೋಡದೆ ಹಚ್ಚಿಬಿಟ್ಟ.

"ಅಬ್ಬಾ! ಮೇಣದ ಮನುಷ್ಯನಾ!" ಎಂದ ಹೋಟೆಲ್ ಯಜಮಾನ. "ತಲೇಲಿ ದೀಪ ಬೇರೆ! ಏನ್ ಬೆಳಕು, ಏನ್ ತಂಪು!" ಆ ಬೆಳಕಿನಲ್ಲೇ ಒಂದು ಹಾಸಿಗೆಯನ್ನು ಪರೀಕ್ಷಿಸಲು ಉರುಳಿಕೊಂಡ. ಹಾಸಿಗೆ ಒಳ್ಳೆಯದೇ ಇರಬೇಕು, ಎರಡನೆಯ ಮಾತಿಗೇ ಗೊರಕೆ ಶುರುವಾಯಿತು.

ಮೇಣದಣ್ಣ ಹಾಸಿಗೆಗಳ ರಾಶಿಯ ಹಿಂದೆ ನಿಂತು ನೋಡುತ್ತಿದ್ದ. ಕೊನೆಗೂ ಅವನ ಬತ್ತಿಯನ್ನು ಒಬ್ಬರು ಹಚ್ಚಿದ್ದರು. ಆ ಬೆಳಕಿನಲ್ಲಿ ಹಾಸಿಗೆಗಳೆಲ್ಲ ಬಂಗಾರದ ಬಣ್ಣವಾಗಿದ್ದವು. ಅವನ ಕಣ್ಣು ಮಂಜಾಯಿತು. ಹಾಗಾಗಿ ಮೊದಲು ಮೇಣದ ಹಣೆ ಕರಗಿ ಇಳಿದದ್ದು ಅವನಿಗೆ ಕಾಣಲಿಲ್ಲ. ಮೂಗು ದಿಂಬಿನ ಮೇಲೆ ತೊಪ್ಪೆಂದು ಬಿದ್ದಾಗ ಭಾವನಿಗೆ ಕಂಡಿತು.

"ಅಯ್ಯೋ, ಕೆಟ್ವಿ!" ಭಾವ ಪಿಸುದನಿಯಲ್ಲಿ ಕಿರುಚಿದ. "ಅವನು ಏಳೋದ್ರೊಳಗೆ ಹತ್ತಯ್ಯಾ ಮೇಲೆ!"

ದೀಪ ಊದಿ, ಕರಗಿದ ತಲೆಯನ್ನೂ ಮೇಣದ ಕೈಗಳನ್ನೂ ಮಂಚದ ಕೆಳಗೆ ತಳ್ಳಿ, ಮೇಣದಣ್ಣನನ್ನು ಕಂಬಳಿಯೊಳಗೆ ತುರುಕಿ, ಉಳಿದ ದಾರವನ್ನು ಬಿಸಿ ಮೇಣದಿಂದ ಅವನ ಬೋಳು ನೆತ್ತಿಗೆ ಅಂಟಿಸಿದ. ಮೇಣದಣ್ಣ ತುಟಿ ಕಚ್ಚಿದ. "ನಗು," ಎಂದು ಭಾವ ಗುರುಗುಟ್ಟಿದ. ಕರೆಂಟು ಬಂತು.

ಹೋಟೆಲ್ ಯಜಮಾನ ಎದ್ದು ಬಂದು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಇಷ್ಟು ಹೊತ್ತು ಉರಿದ್ರೂ ಒಂಚೂರೂ ಕರಗಿಲ್ವಲ್ರೀ!"

ಭಾವ ಮೇಣ ಮೆತ್ತಿದ ಬೆರಳುಗಳನ್ನು ಬೆನ್ನ ಹಿಂದೆ ಒರೆಸಿಕೊಂಡ. "ನಮ್ಮ ತಂಗಿ ಗಂಡನ ಕೈಚಳಕ. ಅದು... ಅದು ಕರಗಲ್ಲ."

"ನನ್ನ ಹೋಟೆಲಿನ ಪ್ರತಿ ಕೋಣೆಗೂ ಒಂದೊಂದು ಬೇಕು! ಎಲ್ಲಿ ಆ ಕಲಾವಿದ? ಕರೀರಿ, ಈಗಲೇ ಮಾತಾಡ್ತೀನಿ!"

ಕಲಾವಿದ ಕಣ್ಣು ಮುಚ್ಚಿ ನಗುತ್ತಿದ್ದ. ಗಾಜಿನ ಆಚೆ ಬೀದಿಯಲ್ಲಿ ಸಲಹೆಗಾರರು ಮೂವರೂ ಗಾಜಿಗೆ ಮೂಗೊತ್ತಿ ನಿಂತಿದ್ದರು.

"ಕೆಲಸ ಪರವಾಗಿಲ್ಲ," ಎಂದರು ಹಲ್ಲಿನ ಡಾಕ್ಟರು. "ಆದ್ರೆ ನಗು ಕೃತಕ."

"ಹುಬ್ಬು ಮರ್ತಿದ್ದಾನೆ ನೋಡಿ," ಎಂದ ಕ್ಷೌರದಂಗಡಿಯವನು. "ಆಗ ಇತ್ತಲ್ಲ?"

"ಭುಜದ ಅಳತೆ ನಾನು ಹೇಳಿದ್ದೇ ಬೇರೆ," ಎಂದಳು ಟೈಲರಮ್ಮ.

ಒಳಗೆ ಹೋಟೆಲ್ ಯಜಮಾನ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತ. "ಕಲಾವಿದ ಬರೋ ತನಕ ನಂದೊಂದು ಆಸೆ. ಇನ್ನೊಂದ್ಸಲ ಹಚ್ಚಿ. ಈ ಸಲ ನಾನು ನಿದ್ದೆ ಮಾಡಲ್ಲ, ಕೊನೆ ತನಕ ನೋಡ್ತೀನಿ."

ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬ ಗಿರಾಕಿ ಮೇಣದಣ್ಣನ ಬತ್ತಿಯನ್ನು ಮತ್ತೊಮ್ಮೆ ಹಚ್ಚಲು ಕೇಳುತ್ತಿದ್ದ. ಭಾವನ ಜೇಬಿನಲ್ಲಿ ಬೆಂಕಿಪೆಟ್ಟಿಗೆ ಗಲಗಲ ಅಂದಿತು.